ಬಾಜೂದವರು ಕೇಳಿದ ಜಾಗ

ಮೊನ್ನೆ ಶ್ರಾವಣದಲ್ಲಿ ಶಹಾಪುರದ ಚೌಕಿನಲ್ಲಿ ಸುರಪುರದ ಬಸ್ಸಿಗೆ ಕಾಯುತ್ತಾ ಕುಳಿತಿದ್ದೆ. ಬೇವಿನ ಗಿಡದ ಸುತ್ತ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ನೆರಳು ಚೆನ್ನಾಗಿದೆ, ಗಾಳಿಯೂ ಆಡುತ್ತದೆ. ಕಾಲೇಜಿನ ಇಬ್ಬರು ಹುಡುಗಿಯರು ಟೇಪು ಹಿಡಿದು ಕಟ್ಟೆಯನ್ನೂ ರಸ್ತೆಯನ್ನೂ ಅಳೆದು ಬರೆದುಕೊಳ್ಳುತ್ತಿದ್ದರು. ಅವರಲ್ಲೊಬ್ಬಳು ಬಂದು, “ಅಜ್ಜಿ, ಕಾಲು ಸ್ವಲ್ಪ ತಗೀರಿ” ಎಂದಳು. ಅಜ್ಜಿ ಅಂದಿದ್ದಕ್ಕೆ ಸಿಟ್ಟು ಬಂತು. ಆದರೂ ತೆಗೆದೆ.

“ಈ ಚೌಕಿನ ನಕ್ಷಾ ಊರ ಮಂದೀನ ಕುಂತು ಮಾಡ್ಯಾರಂತಲ್ರಿ, ಖರೇ ಏನು?” ಎಂದು ಕೇಳಿದಳು.

“ಖರೇ ಐತವ್ವ.”

“ಒಬ್ರೂ ತಮಗ ಬೇಕಂತ ಏನೂ ಕೇಳಲಿಲ್ಲಂತ. ನಮ್ಮ ಮಿಸ್ ಹೇಳ್ತಿದ್ರು.”

“ಅದೂ ಖರೇನ.”

“ಎಂಥಾ ಮಂದಿ ಇದ್ರಲ್ರಿ ಆವಾಗ!”

ಎಂಥಾ ಮಂದಿ! ನಾನೂ ಆ ಮಂದಿಯಲ್ಲಿ ಒಬ್ಬಳು ಎಂದು ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ನಮ್ಮ ಮುಂದೆಯೇ ಹಾದು ಹೋದಳು. ಆಗತಾನೆ ಬೀಸಿದ ಜೋಳದ ಹಿಟ್ಟು, ಅದರ ಬಿಸಿ ವಾಸನೆ ಮೂಗಿಗೆ ಬಡಿಯಿತು. ಒಂದು ವರ್ಷ ಪೂರಾ ಆ ವಾಸನೆಯಲ್ಲೇ ಕುಳಿತಿದ್ದವಳು ನಾನು. ಬಸ್ಸು ಬಂತು, ಹೋಯಿತು. ನಾನು ಏಳಲಿಲ್ಲ.

ಕಾಲುವೆಗೆ ನೀರು ಬಂದು ಊರು ಊದಿಕೊಂಡ ಕಾಲ ಅದು. ಅದಕ್ಕೂ ಮುಂಚೆ ನಮ್ಮ ಕಡೆ ಜೋಳ, ತೊಗರಿ, ಹತ್ತಿ ಅಷ್ಟೇ. ನೀರು ಬಂದದ್ದೇ ತಡ, ಎಲ್ಲಿ ನೋಡಿದರೂ ಭತ್ತದ ಗದ್ದೆ. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಹಾಕಿಕೊಂಡರು, ಅಕ್ಕಿ ಮಿಲ್ಲುಗಳು ಎದ್ದವು, ಗೊಬ್ಬರದ ಅಂಗಡಿಗಳು ತೆರೆದವು. ಲಾರಿ, ಟ್ರ್ಯಾಕ್ಟರ್ ಎಲ್ಲ ಬಂದು ಸೇರುವುದು ನಮ್ಮ ಚೌಕಿಗೇ. ನಿಜಾಮರ ಕಾಲದಲ್ಲಿ ಎರಡು ಚಕ್ಕಡಿ ಎದುರಾಬದುರಾ ಹಾಯಲಿ ಎಂದು ಬಿಟ್ಟ ದಾರಿ. ಅದರಲ್ಲಿ ಭತ್ತದ ಲಾರಿ ಸಿಕ್ಕಿಕೊಂಡರೆ ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ಮಳೆಗಾಲದಲ್ಲಂತೂ ಕರಿ ಮಣ್ಣಿನ ಕೆಸರು, ಸೊಳ್ಳೆ, ಹಾರ್ನು, ಬೈಗುಳ. ಯಪ್ಪಾ, ಅದೊಂದು ಸಂಸಾರ!

ಆ ಚೌಕಿನ ಮೂಡಲ ಮಗ್ಗುಲಿಗೆ ನಮ್ಮ ಹಿಟ್ಟಿನ ಗಿರಣಿ. ನಮ್ಮ ಗೋಡೆಗೇ ಗೋಡೆ ಹಚ್ಚಿಕೊಂಡು ಮಾಬೂ ಚಾಚಾ ಅವರ ಗಡಿಯಾರ ರಿಪೇರಿಯ ಅಂಗಡಿ. ನಾನು ರಂಗಂಪೇಟೆಯಿಂದ ಮದುವೆಯಾಗಿ ಬಂದ ದಿನದಿಂದ ಚಾಚಾ ಅಲ್ಲಿಯೇ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕುಳಿತಿದ್ದರು. ಹಾದುಹೋಗುವವರೆಲ್ಲ ಅವರಿಗೆ ಸಲಾಂ, ಶರಣು ಹೇಳುವವರೇ. ಅವರೂ ತಲೆ ಎತ್ತದೆಯೇ ಎಲ್ಲರಿಗೂ ಕೈ ಎತ್ತುತ್ತಿದ್ದರು. ನಮ್ಮ ಮನೆಯವರಿಗೆ ಅವರನ್ನು ಕಾಡುವುದೇ ಒಂದು ಕೆಲಸ. “ಚಾಚಾ, ನಿಮ್ಮ ಗಡಿಯಾರ ನಮ್ಮ ಗಿರಣಿ ತಾಳಕ್ಕ ಓಡ್ತಾವ ನೋಡ್ರಿ” ಎಂದು ಇತ್ತಲಿಂದ ಕೂಗಿದರೆ, “ಅದಕ್ಕ ಮಂದಿ ಎಲ್ಲಾ ಲೇಟ್ ಆಗ್ತಾರಪ್ಪ” ಎಂದು ಅತ್ತಲಿಂದ ಉತ್ತರ ಬರುತ್ತಿತ್ತು.

ಚೌಕಿನ ನಕ್ಷೆ ಮಾಡಿದ ವರ್ಷದ ಬೇಸಿಗೆಯಲ್ಲಿ, ಸಂತೆಯ ದಿನ, ಗಿರಣಿಯ ಪಟ್ಟಾ ತಿರುಗುತ್ತಿರುವಾಗಲೇ ನಮ್ಮವರು ಎದೆ ಹಿಡಿದುಕೊಂಡು ಕಾಳಿನ ಚೀಲದ ಮೇಲೆ ಕುಳಿತರು. ಮತ್ತೆ ಏಳಲಿಲ್ಲ. ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಓಡಿ ಬಂದಾಗ ಚಾಚಾ ಮೋಟರ್ ಬಂದ್ ಮಾಡಿ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದ್ದೇ ನನಗೆ ಗೊತ್ತಾಯಿತು. ಒಳಗೆ ಹೋದೆ, ನೋಡಿದೆ, ಹೊರಗೆ ಬಂದೆ. ಅಳು ಬರಲಿಲ್ಲ.

ಜನ ಅದನ್ನು ಆಡಿಕೊಂಡರು. ಆಡಿಕೊಳ್ಳಲಿ ಬಿಡು. ಎದೆ ಬಡಿದುಕೊಳ್ಳುವವರ ನಡುವೆ ಕಂಬದ ಹಾಗೆ ಕುಳಿತಿದ್ದರೆ ಯಾರು ತಾನೇ ಆಡಿಕೊಳ್ಳುವುದಿಲ್ಲ? ನನ್ನ ಮೈಯಲ್ಲಿ ಏನೂ ಇರಲಿಲ್ಲ, ಅಷ್ಟೇ. ಊಟ ಇಟ್ಟರೆ ಉಣ್ಣುತ್ತಿದ್ದೆ, ಹಾಸಿಗೆ ಹಾಸಿದರೆ ಮಲಗುತ್ತಿದ್ದೆ. ನನ್ನ ತಮ್ಮ ರಂಗಂಪೇಟೆಯಿಂದ ಬಂದು, “ನಡಿಯಕ್ಕಾ ಮನಿಗಿ. ಒಬ್ಬಾಕಿನ ಇಲ್ಲಿ ಏನ್ ಮಾಡ್ತಿ?” ಎಂದ. “ಗಿರಣಿ ಹಚ್ತೀನಿ” ಎಂದೆ. ಅವನು ಬಾಯಿ ತೆರೆದು ನನ್ನನ್ನೇ ನೋಡಿದ. ಕರ್ಮ ಎಲ್ಲ ಮುಗಿದ ಮರುದಿನವೇ ಬಾಗಿಲು ತೆಗೆದು ಮೋಟರಿನ ಖಟಕಾ ಒತ್ತಿದೆ.

ಆ ಸದ್ದು ಶುರುವಾಯಿತಲ್ಲ, ಆಗ ನನಗೆ ಉಸಿರು ಬಂತು. ಪಟ್ಟಾದ ಬಡಿತ, ಕಲ್ಲಿನ ಗರಗರ, ಹೊರಗೆ ಹಾರ್ನು, ಸಾಲಿನಲ್ಲಿ ನಿಂತ ಹೆಂಗಸರ ಜಗಳ. ಯಾರು ಏನು ಕೇಳಿದರೂ ಕೇಳಿಸುವುದಿಲ್ಲ. “ಹೆಂಗ ಅದೀಯವ್ವ” ಎಂದು ಯಾರೋ ಬಾಯಿ ಆಡಿಸಿದರೆ ನಾನು ಹಿಟ್ಟಿನ ಕಡೆಗೆ ಕೈ ಮಾಡಿದರೆ ಆಯಿತು. ರೆಪ್ಪೆಯ ಮೇಲೆ, ಕೂದಲಿನಲ್ಲಿ, ಮೂಗಿನಲ್ಲಿ ಎಲ್ಲ ಹಿಟ್ಟು. ಅದರೊಳಗೆ ನಾನು ಬದುಕಿದ್ದೇನೋ ಇಲ್ಲವೋ ಎಂದು ಯಾರೂ ವಿಚಾರಿಸುವ ಹಾಗಿರಲಿಲ್ಲ, ನಾನೂ ಕೂಡ. ಆ ವರ್ಷ ನನಗೆ ಬೇಕಾಗಿದ್ದುದು ಇದೊಂದೇ. ಈ ಗದ್ದಲದ ನಡುವಿನಿಂದ ನನ್ನನ್ನು ಯಾರೂ ಎಬ್ಬಿಸಬಾರದು.

ಎಬ್ಬಿಸುವ ಮಾತು ಮಳೆಗಾಲದ ಮೊದಲಿಗೇ ಬಂತು. ಚೌಕು ಅಗಲ ಮಾಡುತ್ತಾರಂತೆ, ಹಳೆ ಅಂಗಡಿ ಕೆಡವುತ್ತಾರಂತೆ ಎಂದು ಸುದ್ದಿ. ಸುದ್ದಿಯ ಹಿಂದೆಯೇ ಮೈಸೂರು ಕಡೆಯ ಒಬ್ಬ ಎಂಜಿನಿಯರ್ ಮೇಡಂ ಬಂದರು. ಸುಧಾ ಎಂದು ಹೆಸರು, ಚಿಕ್ಕ ವಯಸ್ಸು, ಮಳೆಯಲ್ಲಿ ಬಣ್ಣ ಬಿಡುವ ಚಪ್ಪಲಿ. ಅವರು ಬಂದವರೇ ಬಟ್ಟೆ ಅಂಗಡಿಯ ಶರಣಪ್ಪ ಸಾವ್ಕಾರರ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ, “ನಕ್ಷೆ ನಾನು ಬರೆಯಲ್ಲ, ನೀವೇ ಬರೀಬೇಕು. ನಿಮ್ಮ ಚೌಕ, ನಿಮಗೆ ಹೇಗೆ ಬೇಕೋ ಹೇಳಿ” ಎಂದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಮಾತನ್ನು ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ.

ಹಳೆ ಅಂಗಡಿಗಳು ಹೋಗುವುದಂತೂ ಖಂಡಿತ. ಬದಲಿಗೆ ಚೌಕಿನ ಸುತ್ತ ಕೆಲವು ಹೊಸ ಖೋಲಿ ಕಟ್ಟುತ್ತಾರೆ. ಅಲ್ಲಿ ಹಿಡಿಯದವರಿಗೆ ಕಾಲುವೆ ಆಫೀಸಿನ ರಸ್ತೆಗೆ, ಊರ ಹೊರಗೆ, ಒಂದು ಸಾಲು ಕಟ್ಟುತ್ತಾರೆ. ಖೋಲಿಗಳೆಲ್ಲ ಒಂದೇ ಅಳತೆ. ಯಾರು ಚೌಕಿನಲ್ಲಿ, ಯಾರು ಸಾಲಿನಲ್ಲಿ ಎಂಬುದನ್ನು ಊರವರೇ ಕುಳಿತು ನಿರ್ಧಾರ ಮಾಡಬೇಕು.

ಇಲ್ಲಿ ನಮ್ಮ ಓಣಿಯ ಒಂದು ರಿವಾಜು ಹೇಳಬೇಕು. ಊರವರು ಕೂಡುವ ಬೈಠಕಿನಲ್ಲಿ ತನ್ನದನ್ನು ತಾನೇ ಕೇಳುವುದು ನಮ್ಮಲ್ಲಿಲ್ಲ. ನಳದ ಮಾತಿರಲಿ, ಗಟಾರದ ಮಾತಿರಲಿ, ಒಬ್ಬರ ಅಹವಾಲನ್ನು ಅವರ ಬಾಜೂದವರು ಹೇಳಬೇಕು. ಗೋಡೆಗೆ ಗೋಡೆ ಹಚ್ಚಿಕೊಂಡವರು ಯಾರೋ ಅವರೇ ಬಾಜೂದವರು. ತನ್ನ ಬಾಯಿಂದ ತಾನೇ ಕೇಳಿದರೆ, “ಏನ್ ಹಸಿದಾನೋ ಏನೋ, ಬಾಜೂದವರು ಸತ್ತಾರೇನು?” ಎಂದು ನಗುತ್ತಾರೆ. ಬೈಠಕಿಗೆ ಮುಂಚೆ ಬಾಜೂದವರು ಬಂದು “ನಿನಗ ಏನ್ ಕೇಳ್ಲಿ?” ಎಂದು ವಿಚಾರಿಸುವ ಹಾಗೂ ಇಲ್ಲ. ಇಷ್ಟು ವರ್ಷ ಮಗ್ಗುಲಲ್ಲಿ ಕುಳಿತು ಅಷ್ಟೂ ತಿಳಿಯುವುದಿಲ್ಲವೆಂದರೆ ಅದಕ್ಕಿಂತ ನಾಚಿಕೆ ಬೇರೆ ಉಂಟೆ? ಅವರು ಹೇಳಿದ ಮೇಲೆ “ಇದು ಬ್ಯಾಡ್ರಿ” ಎಂದರೆ ಅವರ ಮಾನ ಹೋಯಿತು. ಎಲ್ಲರಿಗೂ ಒಂದೇ ನೀರು ಬೇಕಿದ್ದ ಕಾಲಕ್ಕೆ ಆ ರಿವಾಜು ಚೆನ್ನಾಗಿಯೇ ನಡೆದಿತ್ತು.

ಮೇಡಂ ಮೊದಲು ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿದರು. ಅದರಲ್ಲಿ ಯಾರಿಗೂ ತಮ್ಮ ಅಂಗಡಿ ಸಿಗಲಿಲ್ಲ. ಶರಣಪ್ಪ ಸಾವ್ಕಾರರು ಬೆರಳು ಇಟ್ಟು ಇಟ್ಟು ಕೊನೆಗೆ ಪೊಲೀಸ್ ಠಾಣೆಯನ್ನೇ ತಮ್ಮ ಅಂಗಡಿ ಎಂದು ತೋರಿಸಿದರು. ಆಗ ಮೇಡಂ ಹತ್ತಿ ಮಾರುವ ಗಂಜಿನ ಬಯಲಿನಲ್ಲಿ ಸುಣ್ಣದ ಪುಡಿಯಿಂದ ನೆಲದ ಮೇಲೆಯೇ ಚೌಕು ಬರೆಸಿದರು. ಹತ್ತಿ ಬರಲು ಇನ್ನೂ ತಿಂಗಳುಗಳಿದ್ದವು, ಬಯಲು ಖಾಲಿ ಇತ್ತು. “ನಿಮ್ಮ ನಿಮ್ಮ ಅಂಗಡಿ ಜಾಗದಲ್ಲಿ ಹೋಗಿ ನಿಂತುಕೊಳ್ಳಿ” ಎಂದರು. ಜನ ಸುಣ್ಣದ ಗೆರೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಯಾರೂ ಹೇಳಿರಲಿಲ್ಲ. ಗೆರೆ ಎಳೆದ ಮೇಲೆ ಅದು ಅಂಗಡಿಯೇ ಅಲ್ಲವೇ? ಮೇಡಂ ಒಂದು ಕ್ಷಣ ನೋಡಿ ತಾವೂ ಚಪ್ಪಲಿ ಬಿಟ್ಟರು.

ಮಳೆ ಬಂದು ಗೆರೆ ತೊಳೆದುಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದರು. ಮಳೆ ಬಿಟ್ಟ ಸಂಜೆಗಳಲ್ಲಿ ಬೈಠಕು. ಇಷ್ಟು ಚೆಂದದ ಬೈಠಕು ನಾನು ಮತ್ತೆ ನೋಡಿಲ್ಲ. ಚಪ್ಪಲಿ ಹೊಲಿಯುವ ದುರ್ಗಪ್ಪ ಎದ್ದು ತನ್ನ ಬಾಜೂದ ಕ್ಷೌರದಂಗಡಿಯವನಿಗಾಗಿ, “ಅವನ ಕನ್ನಡಿಗಿ ಮುಂಜಾನಿ ಬೆಳಕ ಬೀಳ್ಬೇಕ್ರಿ, ಮೂಡಲಕ್ಕ ಮಾರಿ ಇರೋ ಖೋಲಿ ಕೊಡ್ರಿ” ಎಂದು ಕೇಳಿದ. ಕ್ಷೌರದವನು ಎದ್ದು, “ದುರ್ಗಪ್ಪ ಬಸ್ ನಿಲ್ಲೋ ಕಡಿ ಇರ್ಬೇಕ್ರಿ. ಚಪ್ಲಿ ಹರಿಯೋದು ಬಸ್ ಹತ್ತೋ ಮುಂದನ” ಎಂದ. ಜನ ಭೇಷ್ ಎಂದರು. ಮೇಡಂ ಬರೆದುಕೊಂಡದ್ದೇ ಬರೆದುಕೊಂಡದ್ದು.

ಕಾಯಿಪಲ್ಲೆ ಮಾರುವ ಹೆಂಗಸರು ಕೂರುವುದು ಶರಣಪ್ಪ ಸಾವ್ಕಾರರ ಅಂಗಡಿಯ ಮಗ್ಗುಲಿಗೆ. ಹಾಗಾಗಿ ಅವರ ಮಾತನ್ನು ಸಾವ್ಕಾರರೇ ಆಡಬೇಕು. ಸಾವ್ಕಾರರು ಧೋತರದ ಚುಂಗು ಹಿಡಿದು ಎದ್ದು ನಿಂತು ಕೆಮ್ಮಿದರು. “ಈ ಹೆಣ್ಮಕ್ಕಳಿಗಿ... ಮುಂಜಾನಿಂದ ಸಂಜೀತನ ಕುಂತಿರ್ತಾವ... ಒಂದು ಮರಿ ಜಾಗ ಬೇಕ್ರಿ. ಹೋಗಿ ಬರಾಕ.”

“ಎಲ್ಲಿಗೆ ಹೋಗಿ ಬರೋಕೆ?” ಎಂದರು ಮೇಡಂ.

“ಎಲ್ಲಿಗಿ ಅಂದ್ರ... ಅದಕ್ಕ ರಿ. ಅದಕ್ಕ!” ಎಂದು ಸಾವ್ಕಾರರು ಕುಳಿತೇಬಿಟ್ಟರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗೆಗೆ ಬಯಲಿನ ಕಾಗೆಗಳು ಎದ್ದು ಹಾರಿದವು. ಇಂದಿಗೂ ಚೌಕಿನಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೆಂದರೆ ಅದು ಸಾವ್ಕಾರರ ಪುಣ್ಯ. ನಾನು ಮಾತ್ರ ನಗಲಿಲ್ಲ. ನಗಬೇಕು ಎಂದು ಗೊತ್ತಾಗುತ್ತಿತ್ತು, ಬಾಯಿ ಅಗಲವಾಗುತ್ತಿರಲಿಲ್ಲ. ನನ್ನ ಗಿರಣಿಯ ಗೆರೆಯೊಳಗೆ ಬರಿಗಾಲಲ್ಲಿ ನಿಂತಿದ್ದೆ. ಕಾಲ ಕೆಳಗೆ ಹಸಿ ಮಣ್ಣು, ಮೋಟರ್ ಇಲ್ಲ, ಕಲ್ಲು ಇಲ್ಲ. ಯಾವಾಗ ಇದು ಮುಗಿದು ವಾಪಸ್ ಹೋಗಿ ಖಟಕಾ ಒತ್ತುತ್ತೇನೋ ಎಂದು ಕಾಯುತ್ತಿದ್ದೆ.

ನಮ್ಮ ಸರದಿ ಬಂತು. ಮೊದಲು ನಾನು ಚಾಚಾ ಪರವಾಗಿ ಹೇಳಬೇಕಿತ್ತು. ನಮ್ಮವರಿದ್ದಿದ್ದರೆ ಅವರೇ ಎದ್ದು ನಿಂತು ನಗಿಸಿ ನಗಿಸಿ ಕೇಳುತ್ತಿದ್ದರು. ನಾನು ಸೆರಗು ಸರಿ ಮಾಡಿಕೊಂಡೆ. ಬೇಸಿಗೆಯ ಆ ದಿನದ ನಂತರ ಅಷ್ಟು ಜನರ ಮುಂದೆ ಬಾಯಿ ಬಿಟ್ಟಿದ್ದು ಅದೇ ಮೊದಲು.

“ಚಾಚಾ ಅವರಿಗಿ ಚೌಕಿನಾಗ ಕೊಡ್ರಿ” ಎಂದೆ. “ಬೇವಿನ ಗಿಡದ ಎದುರಿನ ಖೋಲಿ. ಟ್ರ್ಯಾಕ್ಟರ್ ನಿಲ್ತಾವಲ್ರಿ, ಅದರ ಬಾಜೂಕ. ನಾಕೂ ಕಡಿ ಮಂದಿ ಬರ್ತಾರ, ಹೋಗ್ತಾರ. ಸಪ್ಪಳ ಇರ್ತದ. ಮಂದಿ ನಡುವ ಇರ್ಲಿ ಅವರು. ಒಬ್ರನ ಕುಂತ್ರ ಮನಷ್ಯಾಗ...” ಮಾತನ್ನು ಅಷ್ಟಕ್ಕೇ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತುಕೊಂಡೆ.

ಮೇಡಂ ಚಾಚಾ ಕಡೆಗೆ ತಿರುಗಿ, “ನಿಮಗೆ ಒಪ್ಪಿಗೆನಾ?” ಎಂದರು. ಚಾಚಾ ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ನನ್ನ ಕಡೆ ನೋಡಿ ನಕ್ಕರು. “ನಮ್ಮ ಬೇಟಿ ಬಾಯಿಬಿಟ್ಟು ಕೇಳ್ಯಾಳ. ಇನ್ನೇನ್ ಬೇಕ್ರಿ ನನಗ?”

ಈಗ ಅವರು ನನ್ನ ಪರವಾಗಿ ಹೇಳುವ ಸರದಿ. ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಈ ಚೌಕಿನಲ್ಲೇ ಇರಲಿ ಎಂದು ಒಂದು ಮಾತು ಹೇಳಿದರೆ ಸಾಕಾಗಿತ್ತು. ಗೋಡೆಯ ಆಚೆಯಿಂದ ನನ್ನನ್ನು ದಿನವೂ ನೋಡುವವರು, ಅವರಿಗೆ ಗೊತ್ತಿರದೇ ಇರುತ್ತದೆಯೇ?

“ಮೇಡಮ್ಮಾರ, ನಮ್ಮ ಬಾಜೂದಾಕಿ ನೀಲಮ್ಮ” ಎಂದು ಶುರು ಮಾಡಿದರು. “ಈ ಗದ್ದಲ ಆಕಿಗಿ ಬ್ಯಾಡ್ರಿ. ಮುಂಜಾನಿಂದ ಸಂಜೀತನ ಹಾರ್ನ್, ಮಂದಿ, ಧೂಳ. ಬಂದವರೆಲ್ಲಾ ಆಕಿ ಮಾರಿ ನೋಡಿ ಪಾಪ ಪಾಪ ಅಂತಾರ. ಕಾಲುವಿ ಆಫೀಸ್ ರೋಡಿನ ಸಾಲಿನಾಗ ಕಡೀ ಖೋಲಿ ಕೊಡ್ರಿ. ಅಲ್ಲಿ ಗಾಳಿ ಐತಿ, ಗಿಡ ಅದಾವ. ಶಾಂತ ಐತಿ. ಮನಷ್ಯಾಂದು ಎದಿ ಸಪ್ಪಳ ಮನಷ್ಯಾಗ ಕೇಳ್ಬೇಕ್ರಿ. ಕೇಳಲಿಲ್ಲಂದ್ರ ಅದೂ ಒಂದು ಜೀವನಾ ಏನ್ರಿ?”

ನಮ್ಮ ಚೌಕಿನ ಬಳೆಗಾರ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಹೊಟ್ಟೀಲಿ ಹುಟ್ಟಿದ ಮಗಳಿಗಿ ಕೇಳ್ದಂಗ ಕೇಳಿದಿ ಮಾಬೂಸಾಬ” ಎಂದು ಸಾವ್ಕಾರರು ಗದ್ಗದವಾಗಿ ಹೇಳಿದರು. ಮೇಡಂ ಕೂಡ ಪೆನ್ನು ಹಿಡಿದು ಬರೆಯುವುದನ್ನು ಮರೆತು ನಿಂತಿದ್ದರು. ಆಮೇಲೆ ನನ್ನನ್ನು ಕೇಳಿದರು, “ನಿಮಗೆ ಒಪ್ಪಿಗೆನಾ ನೀಲಮ್ಮ?”

ಬ್ಯಾಡ್ರಿ ಎನ್ನಬೇಕಿತ್ತು. ನನ್ನನ್ನು ಅಲ್ಲಿಗೆ ಕಳಿಸಬ್ಯಾಡ್ರಿ, ನಾನು ಸತ್ತೇಹೋಗುತ್ತೇನೆ ಎಂದು ಕೂಗಬೇಕಿತ್ತು. ಚಾಚಾ ನನ್ನನ್ನೇ ನೋಡುತ್ತಿದ್ದರು, ಮಗಳಿಗೆ ಹೊಸ ಸೀರೆ ತಂದುಕೊಟ್ಟು ಆಕೆ ಬಿಚ್ಚಿ ನೋಡುವುದನ್ನೇ ಕಾಯುವ ತಂದೆಯ ಹಾಗೆ. ಅಷ್ಟು ಜನರ ನಡುವೆ ಆ ಮುಖ ಸಣ್ಣದು ಮಾಡಲು ನನ್ನಿಂದ ಆಗಲಿಲ್ಲ. ಕೂಗಲು ಬೇಕಾದ ಕಸುವೂ ನನ್ನಲ್ಲಿರಲಿಲ್ಲ ಅನ್ನಿ.

“ಹೂಂ ರಿ” ಎಂದೆ.

ಜನ ಚಪ್ಪಾಳೆ ತಟ್ಟಿದರು. ಮರುದಿನ ನೋಡಿದರೆ ಮೇಡಂ ಎಲ್ಲರಿಗೂ ಹೇಳುತ್ತಿದ್ದರು, ಇಂಥ ಊರನ್ನೇ ನೋಡಿಲ್ಲ, ಒಬ್ಬರೂ ತಮಗಾಗಿ ಕೇಳಲಿಲ್ಲ ಎಂದು. ಊರಿಗೆ ಹೆಮ್ಮೆಯೋ ಹೆಮ್ಮೆ. ಯಾರಿಗೆ ಏನು ಬೇಕು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ ಎಂಬುದು ಆ ಸಂಭ್ರಮದಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಚಳಿ ಬೀಳುವ ಹೊತ್ತಿಗೆ ಕೆಡವುವ ಕೆಲಸ ಶುರುವಾಯಿತು. ಗಿರಣಿಯ ಕಲ್ಲು ಇಳಿಸಿ ಟ್ರ್ಯಾಕ್ಟರಿಗೆ ಹಾಕಿದರು. ಮೋಟರನ್ನು ಚಾಚಾ ತಾವೇ ಮುಂದೆ ನಿಂತು ಹೊರಿಸಿದರು. ನಮ್ಮಿಬ್ಬರ ನಡುವಿನ ಗೋಡೆ ಕೆಡವಿದಾಗ ನೋಡಿದರೆ, ಅವರ ಕಡೆಗೆ ಗೋಡೆಯ ಉದ್ದಕ್ಕೂ ಹತ್ತಿ ತುಂಬಿದ ಗೋಣಿಚೀಲ ಹೊಲಿದು ಮೊಳೆ ಹೊಡೆದಿದ್ದರು, ಒಂದರ ಮೇಲೊಂದು, ಎಷ್ಟೋ ವರ್ಷದವು.

“ಇದೇನ್ರಿ ಚಾಚಾ?” ಎಂದೆ.

“ಧೂಳಿಗಿ, ಬೇಟಿ” ಎಂದು ಅವರು ಅವಸರದಿಂದ ಕಿತ್ತು ಸುತ್ತಿಟ್ಟರು. ಹೌದಿರಬಹುದು, ಹಿಟ್ಟು ಹಾರುತ್ತದೆ ಎಂದುಕೊಂಡೆ.

ಕಾಲುವೆ ಆಫೀಸಿನ ರಸ್ತೆಯ ಹೊಸ ಖೋಲಿಗೆ ಸುಣ್ಣ ಹೊಡೆದಿದ್ದರು. ಶಟರ್ ಇತ್ತು, ಮುಂದೆ ಹೊಂಗೆ ಗಿಡ ಇತ್ತು. ಚಾಚಾ ಹೇಳಿದ್ದೆಲ್ಲ ಇತ್ತು. ಮೊದಮೊದಲು ಹಳೆ ಓಣಿಯ ಹೆಂಗಸರು ಅಷ್ಟು ದೂರ ಡಬ್ಬಿ ಹೊತ್ತು ಬಂದರು, “ನಿನ್ನ ಬಿಟ್ಟು ಬ್ಯಾರೆ ಕಡಿ ಹೋಗ್ತೀವೇನು?” ಎಂದರು. ನಡೆದು ನಡೆದು ಕಾಲು ನೋಯುವುದು ಯಾರಿಗೆ ಬಿಟ್ಟಿದೆ? ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಗಿರಣಿ ಬಂತು. ಮುಂಜಾನೆ ನಾಲ್ಕು ಮಂದಿ, ಸಂಜೆ ನಾಲ್ಕು ಮಂದಿ, ನಡುವೆ ಯಾರೂ ಇಲ್ಲ. ಸಾಲಿನ ಮಿಕ್ಕ ಖೋಲಿಗಳಲ್ಲಿ ಹೆಚ್ಚಿನವಕ್ಕೆ ಬೀಗ. ನನ್ನ ಮಗ್ಗುಲಿನದಕ್ಕೂ ಬೀಗ.

ಒಂದು ಮಧ್ಯಾಹ್ನ ಒಬ್ಬಳು ಹಿಟ್ಟು ತೆಗೆದುಕೊಂಡು ಹೋದ ಮೇಲೆ ಮೋಟರ್ ಬಂದ್ ಮಾಡಿದೆ. ಪಟ್ಟಾ ತಿರುಗಿ ತಿರುಗಿ ನಿಂತಿತು. ಕಾಲುವೆಗೆ ಆ ತಿಂಗಳು ನೀರು ಬಿಟ್ಟಿರಲಿಲ್ಲ, ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ. ಗಾಳಿ ಕೂಡ ನಿಂತಿತ್ತು. ನನ್ನ ಉಸಿರು ನನಗೆ ಕೇಳಿಸಿತು. ಅದೊಂದೇ ಉಸಿರು. ಆ ಖೋಲಿಯಲ್ಲಿ ಇನ್ನೊಂದು ಉಸಿರಿಲ್ಲ. ನಾನು ಕಿವಿಗೊಟ್ಟು ಕೇಳಿದೆ, ಹುಚ್ಚಿಯ ಹಾಗೆ. ಅವರು ಹೋಗಿ ಎಷ್ಟೋ ತಿಂಗಳಾಗಿತ್ತು, ಅವರು ಇಲ್ಲ ಎಂಬುದು ನನಗೆ ಗೊತ್ತಾದದ್ದು ಆ ಮಧ್ಯಾಹ್ನ.

ಅತ್ತೆ. ಹೇಗೆ ಅತ್ತೆನೆಂದರೆ ಸದ್ದು ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. ಹಿಟ್ಟಿನ ನೆಲದ ಮೇಲೆ ಬಿದ್ದು, ಚೀಲ ಕಚ್ಚಿ ಹಿಡಿದು ಅತ್ತೆ. ಬೇಡವೆಂದರೂ ನಿಲ್ಲಲಿಲ್ಲ.

ಹೊತ್ತು ಇಳಿಯುವಾಗ ಬಾಗಿಲಿಗೆ ನೆರಳು ಬಿತ್ತು. ಚಾಚಾ, ಕೈಯಲ್ಲಿ ಗೋದಿಯ ಡಬ್ಬಿ. ನನ್ನ ಮುಖದ ಮೇಲೆ ಹಿಟ್ಟೂ ಕಣ್ಣೀರೂ ಕಲೆತು ಕಣಕ ಆಗಿದ್ದಿರಬೇಕು. ಅವರು ಡಬ್ಬಿಯನ್ನು ಅಲ್ಲಿಯೇ ಇಟ್ಟು ಚೀಲದ ಮೇಲೆ ಕುಳಿತರು. ನಾನು ಸುಧಾರಿಸಿಕೊಳ್ಳುವವರೆಗೆ ಕಾದರು.

“ಜಾಗಾ ಚಲೋ ಐತಿಲ್ಲ ಬೇಟಿ?” ಎಂದು ಕೊನೆಗೆ ಕೇಳಿದರು. ದನಿ ಸಣ್ಣದಾಗಿತ್ತು.

“ಇದು ನನಗ ಬ್ಯಾಡಾಗಿತ್ರಿ ಚಾಚಾ” ಎಂದೆ. ಬಾಯಿಂದ ಹೋಗಿಯೇಬಿಟ್ಟಿತು. “ನಾ ಆ ಗದ್ದಲದಾಗನ ಇರ್ಬೇಕಂತಿದ್ದೆ. ಅಲ್ಲಿ ಇದ್ದಿದ್ರ ನನಗ ಇದೇನೂ ಕೇಳ್ತಿದ್ದಿಲ್ರಿ.”

ಹೊಂಗೆಯ ಗಿಡದಲ್ಲಿ ಯಾವುದೋ ಹಕ್ಕಿ ಕೂಗಿತು. ಅವರು ಆ ಕಡೆಗೆ ತಲೆ ವಾಲಿಸಿ ಅದು ಕೂಗಿ ಮುಗಿಸುವವರೆಗೂ ಕೇಳಿದರು.

“ನಾ ನಿನಗಂತ ಕೇಳಿದ್ದು ನನಗ ಬೇಕಾಗಿದ್ದ ಜಾಗಾ ಬೇಟಿ” ಎಂದರು. “ಗಡಿಯಾರ ಕಿವೀಗಿ ಹಿಡದು ಕೇಳ್ಬೇಕಾಗ್ತದ. ಹುಟ್ಟಾಪೂರ್ತಿ ನನಗ ಒಂದೂ ಗಡಿಯಾರ ಛಂದಾಗಿ ಕೇಳ್ಸಿಲ್ಲ. ಇಂಥಾ ಒಂದು ಖೋಲಿ ಇದ್ರ ಸಾಕು ಅಂತಿದ್ದೆ. ಅಷ್ಟು ಛಂದ ಜಾಗಾ, ನಾ ಇಟ್ಕೊಳ್ಳಾಕ ಬರ್ತದೇನು? ನಿನಗ ಕೇಳಿದೆ.”

ನಾನು ಅವರ ಮುಖ ನೋಡಿದೆ. ಬೇವಿನ ಗಿಡದ ಎದುರಿನ ಖೋಲಿ, ಟ್ರ್ಯಾಕ್ಟರ್ ನಿಲ್ಲುವ ಜಾಗದ ಮಗ್ಗುಲು, ನಾಲ್ಕೂ ಕಡೆಯ ಸಪ್ಪಳ. ಎಲ್ಲವನ್ನೂ ನಾನೇ ಎದ್ದು ನಿಂತು ಅವರಿಗಾಗಿ ಕೇಳಿದ್ದೆ. ಅದರಲ್ಲಿ ಒಂದಾದರೂ ಅವರಿಗೆ ಬೇಕಾಗಿರಲಿಲ್ಲ. ಎಲ್ಲವೂ ನನಗೇ ಬೇಕಾಗಿದ್ದವು.

“ಹೋಗಿ ಹೇಳೋಣೇನ್ರಿ? ಬದಲಿ ಮಾಡಿ ಕೊಡ್ರಿ ಅಂತ?” ಎಂದೆ.

“ಏನಂತ ಹೇಳೋದು? ಬಾಜೂದವರು ತಪ್ಪು ಕೇಳಿದ್ರು ಅಂತನಾ?” ಎಂದರು. “ನಿನ್ನ ಬಾಜೂದವ ನಾನ. ನನ್ನ ಬಾಜೂದಾಕಿ ನೀನ. ಮಂದಿ ಮುಂದ ನಾ ನಿನ್ನ ಮಾತು ತಗದ್ ಹಾಕಲಾರೆ. ನೀನೂ ನಂದು ತಗದ್ ಹಾಕಂಗಿಲ್ಲ. ನನಗ ಗೊತ್ತೈತಿ.”

ಹೌದು, ನಾನೂ ತೆಗೆದುಹಾಕುತ್ತಿರಲಿಲ್ಲ.

“ಈಗ ನಿನ್ನ ಬಾಜೂಕ ಯಾರದಾರ?” ಎಂದು ಗೋಡೆಯ ಕಡೆ ನೋಡಿ ಕೇಳಿದರು.

“ಯಾರೂ ಇಲ್ರಿ. ಬೀಗ ಹಾಕ್ಯಾರ.”

“ನನ್ನ ಬಾಜೂಕನೂ ಯಾರೂ ಇಲ್ಲ. ಟ್ರ್ಯಾಕ್ಟರ್ ನಿಲ್ತಾವ.”

ಅವರ ಗೋದಿ ಬೀಸಿಕೊಟ್ಟೆ. ಕಲ್ಲು ತಿರುಗುವಷ್ಟು ಹೊತ್ತೂ ಅವರು ಹೊರಗೆ ಹೋಗಿ ಹೊಂಗೆಯ ಕೆಳಗೆ ನಿಂತಿದ್ದರು. ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೊರಟವರನ್ನು ನಾನು ಬಾಗಿಲಿಗೆ ಬಂದು ಕೂಗಿದೆ. ಇನ್ನೊಬ್ಬರು ನನ್ನ ಪರವಾಗಿ ಹೇಳಲಿ ಎಂದು ಕಾಯಲು ಆ ಸಾಲಿನಲ್ಲಿ ಯಾರೂ ಇರಲಿಲ್ಲ.

“ಚಾಚಾ, ನಾಳಿ ಬರ್ರಿ. ನನಗ ನೀವು ಬರೋದು ಬೇಕಾಗೇದ.”

ಅವರು ತಿರುಗಿ ನೋಡಿದರು. ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದರು.

ಮರುದಿನ ಮಧ್ಯಾಹ್ನ ಬಂದರು. ಕೈಯಲ್ಲಿ ಕಾಳಿನ ಡಬ್ಬಿ ಇರಲಿಲ್ಲ. ಚೀಲದ ಮೇಲೆ ಕುಳಿತು ಜೇಬಿನಿಂದ ಯಾರದೋ ಹಳೆಯ ಕೈಗಡಿಯಾರ ತೆಗೆದರು, ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಬಾಗಿಲಲ್ಲಿ ಒಬ್ಬಳು ಜೋಳ ತಂದು ನಿಂತಿದ್ದಳು. ಆಕೆಗೆ ಸ್ವಲ್ಪ ಕುಂದರವ್ವ ಎಂದು ಕೈ ಮಾಡಿದೆ. ಅವರು ಕೇಳಿ ಮುಗಿಸುವವರೆಗೂ ನಾನು ಮೋಟರ್ ಹಚ್ಚಲಿಲ್ಲ.